ಒಳಗೆ ಬಿಟ್ಟ ಎರಡಿಂಚು

ಮಾರ್ಚ್ ೧೧, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಅಜ್ಜಿಯಾಗುವ ವಯಸ್ಸು ಬಂದರೂ ನೀನು ನನಗೆ ಪುಟ್ಟಿಯೇ, ಮುಖ ಊದಿಸಿಕೊಳ್ಳಬೇಡ. ಊದಿಸಿಕೊಳ್ಳಲು ಬೇರೆ ಕಾರಣ ಇದೇ ಕಾಗದದಲ್ಲಿ ಮುಂದೆ ಇದೆ.

ನಿನ್ನೆ ಅಪ್ಪನನ್ನು ನೋಡಲು ಆರೈಕೆ ಕೇಂದ್ರಕ್ಕೆ ಹೋಗಿದ್ದೆ. ನನ್ನ ತೋಳು ಹಿಡಿದು, ಅಂಗಿಯ ಅಂಚು ಮಗುಚಿ ಹೊಲಿಗೆ ನೋಡಿದರು. ಒಳಗೆ ಬಟ್ಟೇನೇ ಬಿಟ್ಟಿಲ್ವಲ್ಲ, ಯಾರಮ್ಮ ಹೊಲಿದಿದ್ದು ಎಂದರು. ನಾನೇ ಎಂದೆ. ಕೈಕೆಲಸ ಪರವಾಗಿಲ್ಲ, ಯಾರ ಹತ್ರ ಕಲಿತೆ ಅಂತ ಕೇಳಿದರು. ನಮ್ಮ ಹೊಲಿಗೆ ಅಂಗಡಿಯಲ್ಲಿ ಮೂವತ್ತು ವರ್ಷ ಅವರ ಪಕ್ಕದ ಮಿಷನ್ನಿನಲ್ಲೇ ಕೂತವಳು ನಾನು.

ಮರೆವಿನ ಕಾಯಿಲೆ ಎಂದು ಡಾಕ್ಟರು ಹೇಳಿ ಏಳು ವರ್ಷವಾಯಿತು. ಈ ವಯಸ್ಸಿಗೆ ಇನ್ನು ಸರಾಸರಿ ನಾಲ್ಕೈದು ವರ್ಷ ಎಂದಿದ್ದರು. ಮೂರು ವರ್ಷದೊಳಗೆ ಮೂವರಲ್ಲಿ ಒಬ್ಬರನ್ನು ಇಂಥ ಕಡೆ ಸೇರಿಸಬೇಕಾಗುತ್ತದೆ ಎಂದೂ ಹೇಳಿದ್ದರು. ಮಿಕ್ಕ ಇಬ್ಬರು ಮನೆಯಲ್ಲೇ ಇರುತ್ತಾರೆ ಎಂಬುದು ನನ್ನ ತಲೆಗೆ ಹೋಗಲಿಲ್ಲ. ಅಪ್ಪ ಮಾತ್ರ ಮೆಟ್ಟಿಲಿಳಿಯುತ್ತಾ, ಸರಾಸರಿ ಅಳತೇಲಿ ಹೊಲಿದ್ರೆ ಯಾರ ಮೈಗೂ ಕೂರಲ್ಲ ಕಣೇ ಎಂದು ನಕ್ಕಿದ್ದರು.

ಒಂದೂವರೆ ವರ್ಷಕ್ಕೇ ಸೇರಿಸಿಬಿಟ್ಟೆ. ಇಸ್ತ್ರಿಪೆಟ್ಟಿಗೆ ಮರೆತು ಪ್ಯಾಂಟು ಸುಟ್ಟರು, ಮನೆಯಲ್ಲಿ ಅಪಾಯ ಎಂದು ನಿನಗೆ ಬರೆದೆ. ಅದು ಆದದ್ದು ಒಂದೇ ಸಲ. ಇಸ್ತ್ರಿಪೆಟ್ಟಿಗೆ ಎತ್ತಿಟ್ಟಿದ್ದರೆ ಸಾಕಿತ್ತು. ನನ್ನನ್ನು ಹಣ್ಣು ಮಾಡಿದ್ದು ಬೇರೆ. ಅಪ್ಪ ಟೇಪು ಹಿಡಿದು ಬೀದಿಗಿಳಿದು ಹೋಗಿಬರುವವರ ಭುಜ ಅಳೆಯುತ್ತಿದ್ದರು. ಅಂಚೆಯವನು ಪಾಪ, ಚೀಲ ಕೆಳಗಿಟ್ಟು ಕೈ ಚಾಚಿ ನಿಲ್ಲುತ್ತಿದ್ದ. ನಾನು ಒಳಗೆ ನಾಚಿಕೆಯಿಂದ ಸಾಯುತ್ತಿದ್ದೆ. ಅಂಚೆಯವನಿಗಿದ್ದ ತಾಳ್ಮೆ ಹೆತ್ತ ಮಗಳಿಗಿರಲಿಲ್ಲ.

ಈಗ ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದರೆ ನರ್ಸಮ್ಮ ಬೇಡ ಎನ್ನುತ್ತಾರೆ. ಆ ಕೋಣೆಯೊಂದೇ ಅಪ್ಪನಿಗೆ ಗುರುತು, ಅಲ್ಲಿಂದ ಎಬ್ಬಿಸಿದರೆ ಗಾಬರಿಯಾಗುತ್ತಾರಂತೆ. ಊಟವೂ ಕಡಿಮೆಯಾಗಿದೆ. ಇನ್ನು ಕೆಲವೇ ತಿಂಗಳು ಅಂತ ಡಾಕ್ಟರು. ಅವರ ಅಂದಾಜು ಈ ಸಲವೂ ತಪ್ಪಲಿ.

ಒಮ್ಮೆ ಬಂದು ಹೋಗು. ನನ್ನ ಮೇಲೆ ಸಿಟ್ಟಿದ್ದರೆ ಮನೆಗೆ ಬರಬೇಡ, ನೆಟ್ಟಗೆ ಅಲ್ಲಿಗೇ ಹೋಗು.

ಇಂತಿ, ಅವಸರ ಮಾಡಿದ
ನಿನ್ನ ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬಚ್ಚಿಟ್ಟದ್ದು. ಸೇರಿಸಲು ಇಬ್ಬರು ಮಕ್ಕಳ ಸಹಿಯೂ ಬೇಕಿತ್ತು, ನೀನು ಒಪ್ಪಿರಲಿಲ್ಲ. ಅಪ್ಪನಿಗೆ ನಿನ್ನ ನೆನಪೇ ಇಲ್ಲ, ಇನ್ನು ಎಲ್ಲಿದ್ದರೂ ಒಂದೇ ಎಂದು ನಾನು ಬರೆದ ಮೇಲೆ ನೀನು ಸಹಿ ಹಾಕಿ ಕಳಿಸಿದೆ, ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅದು ಸುಳ್ಳು, ಪುಟ್ಟಿ. ಅದೇ ವಾರ ಅಪ್ಪ ಟೇಪು ಮುಟ್ಟದೆ, ಬರೀ ನೆನಪಿನಿಂದ ನಿನ್ನ ಅಳತೆಗೆ ಅಂಗಿಯ ಬಟ್ಟೆ ಕತ್ತರಿಸಿದ್ದರು. ಹೊಲಿಯುವುದಕ್ಕೆ ನಾನು ಬಿಡಲಿಲ್ಲ. ಈಗ ಹೊಲಿದು ಇದರ ಜೊತೆ ಕಳಿಸಿದ್ದೇನೆ. ಹಾಕಿಕೊಂಡು ಹೋಗು, ಅಂಚು ಮಗುಚಿ ನೋಡುತ್ತಾರೆ. ನೀನು ದಪ್ಪಗಾದರೆ ಇರಲಿ ಎಂದು ಒಳಗೆ ಎರಡಿಂಚು ಬಿಟ್ಟಿದ್ದಾರೆ.