ವಖಾರಿಯ ಬೆಂಕಿಯಲ್ಲಿ ಸುಮ್ಮನೆ ನಿಂತ ಇಬ್ಬರು

ಹುಬ್ಬಳ್ಳಿ,
ಇಸವಿ 2314, ಎಳ್ಳಮಾಸಿ ಕಳೆದು ಐದನೆಯ ದಿನ

ಹತ್ತಿ ಕೂಡಿಡುವ ವಖಾರಿಯ ಬೆಂಕಿಯ ಚಿತ್ರ ತೆಗೆದವರಿಗೆ ಫಕೀರವ್ವನ ನಮಸ್ಕಾರ.

ಮೊದಲು ನನ್ನ ಅಕ್ಷರಕ್ಕಾಗಿ ಕ್ಷಮೆ ಕೇಳುತ್ತೇನೆ. ನಾನು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ಒತ್ತಕ್ಷರ ತಪ್ಪಿದ ಕಡೆ ನೀವೇ ಸರಿಮಾಡಿಕೊಂಡು ಓದಬೇಕು. ನಮ್ಮ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು. ನಿಮಗೂ ನನಗೂ ನಡುವೆ ನಾನೂರಕ್ಕೂ ಹೆಚ್ಚು ವರ್ಷಗಳಿವೆ. ನಿಮ್ಮ ಹೆಸರೂ ನನಗೆ ಗೊತ್ತಿಲ್ಲ. ನಾಲ್ಕು ಜನರ ಎದುರು ಬಾಯಿ ಬಿಡಲು ನಾಚುವವಳು ನಾನು. ಆದರೂ ನಿಮಗೆ ಇದನ್ನು ತಿಳಿಸಲೇಬೇಕು ಅನಿಸಿತು.

ನಾನು ಗಾಜುಗಾವಲಿ. ಅಂದರೆ, ನಿಮ್ಮ ಕಾಲದ ಗಾಜಿನ ಚಿತ್ರಗಳನ್ನು ಒರೆಸಿ, ಬಟ್ಟೆ ಸುತ್ತಿ ಕಾಯುವವಳು. ನಮ್ಮಲ್ಲಿ ಹೊಸ ಗಾಜು ಸಿಗುವುದಿಲ್ಲ. ಚಳಿಯೂ ನಿಮ್ಮ ಕಾಲಕ್ಕಿಂತ ಹೆಚ್ಚು. ಈ ತಿಂಗಳಲ್ಲಿ ಅಂಗಳದ ಬಾನಿಯ ನೀರಿನ ಮೇಲೆ ಕೆನೆಯಂತೆ ಮಂಜುಗಡ್ಡೆ ಕಟ್ಟುತ್ತದೆ. ಅದಕ್ಕೆ ಪ್ರತಿ ಓಣಿಗೂ ಒಂದು ಸಸಿಗೂಡು ಇದೆ. ಅದು ಗಾಜಿನ ಕಿಂಡಿಗಳ ಸಣ್ಣ ಮನೆ. ಬದನೆ, ಮೆಣಸಿನ ಸಸಿಗಳು ಒಳಗೆ ಬೆಚ್ಚಗಿರುತ್ತವೆ. ಕಿಂಡಿ ಒಡೆದರೆ ಓಣಿಯ ಸಭೆ ನಮ್ಮಲ್ಲಿಗೆ ಬಂದು, ಇಟ್ಟುಕೊಂಡು ಉಪಯೋಗವಿಲ್ಲ ಎನಿಸಿದ ಚಿತ್ರವನ್ನು ಆರಿಸಿ, ಬಿಸಿನೀರಲ್ಲಿ ಉಜ್ಜಿ ತೊಳೆದು, ಗಾಜನ್ನು ಒಯ್ಯುತ್ತದೆ. ಈ ಸಲ ಆರಿಸಿದ್ದು ನಿಮ್ಮದನ್ನು.

ನೀವು ನೋಡಿದ್ದನ್ನು ನಿಮಗೇ ಹೇಳುತ್ತಿದ್ದೇನೆ, ಬೇಸರ ಬೇಡ. ಚಳಿಗಾಲದ ಮುಂಜಾನೆ. ವಖಾರಿಯ ಮಾಡು ಕುಸಿದಿದೆ, ಕಿಟಕಿಗಳಲ್ಲಿ ಉರಿ. ಗಾಜಿನಲ್ಲಿ ಬಿಳುಪು ಕಪ್ಪಾಗಿ, ಕಪ್ಪು ಬಿಳುಪಾಗಿ ಎಲ್ಲವೂ ತಿರುವುಮುರುವು, ಹಾಗಾಗಿ ಉರಿ ಕಪ್ಪಗಿದೆ. ಬಾಗಿಲ ಬಳಿ ಹತ್ತಿಯ ಅಂಡಿಗೆಗಳು, ಎಡಕ್ಕೆ ಬಾವಿ. ರಸ್ತೆ ಬರಿದು. ಕಂಬಳಿ ಹೊದ್ದ ಇಬ್ಬರು ಮಾತ್ರ ಕೈಕಟ್ಟಿ ನಿಂತಿದ್ದಾರೆ, ಅವರ ಕಂಬಳಿಯ ಪಟ್ಟೆಗಳನ್ನೂ ಎಣಿಸಬಹುದು.

ಸಭೆಯ ಹಿರಿಯರಾದ ಗುರುಪಾದಪ್ಪನವರು ಗಾಜನ್ನು ಬೆಳಕಿಗೆ ಹಿಡಿದು ಹೇಳಿದರು: “ಊರು ಉರಿಯಾಕತ್ತಿದ್ರ ಒಬ್ಬರೂ ಓಡಿ ಬಂದಿಲ್ಲ. ಬಂದ ಇಬ್ರೂ ಚಳಿ ಕಾಯಿಸ್ಕೋಂತ ನಿಂತಾರ. ಇಂಥಾ ಮಂದೀ ಚಿತ್ರ ನಮಗ್ಯಾಕ ಬೇಕು? ತೊಳದ್ಬಿಡವ್ವ.”

ನನಗೆ ಮೈ ಉರಿಯಿತು. ಆ ಗಾಜನ್ನು ನಾನು ಮೂರು ವರ್ಷ ಒರೆಸಿದ್ದೇನೆ. ಬಾವಿಯಿಂದ ಬಾಗಿಲವರೆಗೆ, ಸೊಂಟದ ಎತ್ತರಕ್ಕೆ, ತೆಳ್ಳಗಿನ ಮಬ್ಬು ಹಬ್ಬಿರುವುದು ನನಗೆ ಗೊತ್ತು. ಎಷ್ಟು ಒರೆಸಿದರೂ ಅದು ಹೋಗುವುದಿಲ್ಲ. ಮಂಜಿನಲ್ಲಿ ಬೆಳಕು ಸಾಲದೆ ನೀವು ಚಿತ್ರ ತೆಗೆಯುವ ಪೆಟ್ಟಿಗೆಯ ಮುಚ್ಚಳವನ್ನು ಬಹಳ ಹೊತ್ತು ತೆರೆದಿಟ್ಟಿರಬೇಕು. ಅಷ್ಟು ಹೊತ್ತು ನಿಂತವರು ಮೂಡಿದರು, ಓಡಿದವರು ಆ ಮಬ್ಬಿನಲ್ಲಿ ಅಳಿಸಿಹೋದರು. ಇದನ್ನು ಸಭೆಯ ಎದುರು ಹೇಳಲು ನಾಚಿಕೆ ಬಿಡಲಿಲ್ಲ. “ಒಂದು ದಿನ ಕೊಡ್ರಿ” ಎಂದಷ್ಟೇ ಹೇಳಿದೆ.

ಮರುದಿನ ಸಭೆ ಕೂತಾಗ ನಮ್ಮಲ್ಲಿದ್ದ ಹಳೆಯ ಪೆಟ್ಟಿಗೆಯನ್ನು ಹೊತ್ತು ತಂದೆ. ಒಳಗೆ, ಬೆಳಕು ಬಿದ್ದಲ್ಲಿ ಕಪ್ಪಾಗುವ, ಬೆಳ್ಳಿಯ ಉಪ್ಪು ಸವರಿದ ಕಾಗದ ಇಟ್ಟು, ಮುಚ್ಚಳ ತೆಗೆದು, ಮನಸ್ಸಿನಲ್ಲೇ ಮುನ್ನೂರು ಎಣಿಸಿದೆ. ಹಿರಿಯರು ಅಲ್ಲಾಡದೆ ಕೂತರು. ಚಹಾ ಹಂಚುವ ಹುಸೇನಬಿ ಚಿಕ್ಕಮ್ಮ ಮಾತ್ರ ಎಂದಿನಂತೆ ಬಟ್ಟಲು ಹಿಡಿದು ಒಳಗೂ ಹೊರಗೂ ಓಡಾಡುತ್ತಿದ್ದಳು. ಕಾಗದ ತೊಳೆದು, ಒಣಗಿಸಿ, ಅವರ ಮುಂದೆ ಹಿಡಿದೆ.

“ಯವ್ವಾ, ನನ್ನ ಮೀಸಿ ಬೆಳ್ಳಗ ಮಾಡೀಯಲ್ಲ!” ಎಂದರು ಗುರುಪಾದಪ್ಪನವರು. ಅವರು ಮೀಸೆಗೆ ಕಪ್ಪು ಹಚ್ಚುವುದು ಓಣಿಗೆಲ್ಲ ಗೊತ್ತು.

“ಬಿಡ್ರೀ ಯಪ್ಪಾ, ಕಾಗದಕ್ಕ ಖರೇ ತಿಳದೈತಿ” ಎಂದಳು ಚಿಕ್ಕಮ್ಮ. ಎಲ್ಲರೂ ನಕ್ಕರು. ಆಮೇಲೆ ಅವಳೇ ಬಗ್ಗಿ ನೋಡಿ ಕೇಳಿದಳು, “ಅಲ್ಲಾ, ನಾ ಎಲ್ಲದೀನಿ? ಹೊತ್ತು ಹೊಂಟಾಗಿಂದ ಕಾಲು ನೆಲಕ್ಕ ಹತ್ತಿಲ್ಲ ನಂದು. ಕೂತು ಕುಡದವರೆಲ್ಲ ಅದಾರ, ಚಹಾ ಕೊಟ್ಟಾಕಿ ನಾನಾ ಇಲ್ಲಂದ್ರ?”

ಆಗ ನನ್ನ ನಾಚಿಕೆ ಬಿಟ್ಟಿತು. ನಿಮ್ಮ ಗಾಜನ್ನು ಪಕ್ಕಕ್ಕೆ ಹಿಡಿದು ಆ ಮಬ್ಬನ್ನು ಬೆರಳಿಟ್ಟು ತೋರಿಸಿದೆ. “ಇವರೂ ಹಂಗ ರೀ. ನೀರು ಹೊತ್ತವರು” ಎಂದೆ. ಗುರುಪಾದಪ್ಪನವರು ಗಾಜನ್ನು ಮತ್ತೆ ಬೆಳಕಿಗೆ ಹಿಡಿದು, ಬಾವಿಯಿಂದ ಬಾಗಿಲವರೆಗೆ ಆ ಮಬ್ಬನ್ನು ನೋಡಿದರು. ಕೊನೆಗೆ, “ಇಡವ್ವ ಇದನ್ನ. ಕಿಂಡೀದು ಏನರ ಮಾಡೋಣ” ಎಂದರು.

ಆ ಬೆಂಕಿ ಆರಿತೋ ಇಲ್ಲವೋ ಗಾಜಿನಿಂದ ತಿಳಿಯುವುದಿಲ್ಲ. ಆದರೆ ಜನ ಬಂದಿದ್ದರು, ಬಹಳ ಜನ ಬಂದಿದ್ದರು ಎಂದು ಈಗ ಯಾರು ಕೇಳಿದರೂ ನಾನು ಗಟ್ಟಿಯಾಗಿ ಹೇಳುತ್ತೇನೆ. ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಮುಂದೆ ಎಲ್ಲಾದರೂ ಬೆಂಕಿಯ ಚಿತ್ರ ತೆಗೆದರೆ, ಓಡಾಡಿದವರ ಹೆಸರು ಕೇಳಿ ಗಾಜಿನ ಅಂಚಿನಲ್ಲಿ ಮೊಳೆಯಿಂದ ಗೀಚಿಡಿ. ಅಕ್ಷರ ಕೆಟ್ಟದಿದ್ದರೂ ನಡೆಯುತ್ತದೆ. ನಾನು ಓದಿಕೊಳ್ಳುತ್ತೇನೆ.

ಇಂದು ಮುಂಜಾನೆ ನನ್ನ ಹಳೆಯ ಸೀರೆಯ ತುಂಡಿಗೆ ಬೆಳಕು ಹಾಯುವಂತೆ ಎಣ್ಣೆ ಸವರಿ, ಸಸಿಗೂಡಿನ ಒಡೆದ ಕಿಂಡಿಗೆ ಗಾಜಿನ ಬದಲು ಬಿಗಿಯಾಗಿ ಕಟ್ಟಿ ಬಂದೆ.