ಶೇರುವಿನ ತೂಕ

ಅತ್ತೆ, ನಿಮ್ಮ ನಾಯಿ ಆರು ಕಿಲೋ ಇಳಿದಿದೆ.

ಇವತ್ತು ಶೇರುವನ್ನು ಆಟೋದಲ್ಲಿ ಕೂರಿಸಿಕೊಂಡು ಭಾಲ್ಕಿಯ ದನದ ದವಾಖಾನೆಗೆ ಹೋಗಿದ್ದೆ. ನೀವಿದ್ದಾಗ ಅಲ್ಲಿಯ ಡಾಕ್ಟರು ಹೇಳಿದರೆಂದು ಅದರ ರೊಟ್ಟಿ ಅರ್ಧಕ್ಕೆ ಇಳಿಸಿದ್ದೆ. ಆದರೂ ಅದು ಊದುತ್ತಲೇ ಇತ್ತು. ಓಣಿಯವರು ಕದ್ದು ಹಾಕುತ್ತಾರೆಂದು ನಾನು ಮನೆಮನೆಗೆ ಹೋಗಿ ಜಗಳವಾಡಿದ್ದು ನಿಮಗೆ ಗೊತ್ತು. ಈಗ ನಿಮ್ಮನ್ನು ಮಣ್ಣು ಮಾಡಿ ಬಂದ ಮೂರೇ ತಿಂಗಳಲ್ಲಿ ತಾನಾಗಿ ಇಳಿದಿದೆ.

"ಏನ್ ಬಿಡಿಸಿದ್ರಿ ಇದಕ್ಕ?" ಎಂದು ಡಾಕ್ಟರು ಕೇಳಿದರು.

"ಏನೂ ಇಲ್ರಿ. ಆಗ ಹಾಕ್ತಿದ್ದಷ್ಟೇ ಈಗೂ ಹಾಕ್ತೇನ್ರಿ."

"ಹಂಗಾರ ಮನ್ಯಾಗ ಯಾರೋ ತಿನಸ್ತಿದ್ರು. ಈಗ ಬಿಟ್ಟಾರ."

ಮನೆಗೆ ಬಂದು ನಿಮ್ಮ ಮಂಚದ ಮೇಲೆ ಕೂತೆ. ಶೇರು ಬಂದು, ಅಡುಗೆಮನೆಗೆ ಕಾಣದ ಮಂಚದ ಆ ಮಗ್ಗುಲಲ್ಲಿ, ಬಾಯಿ ತೆರೆದು ಸುಮ್ಮನೆ ಕಾಯುತ್ತ ನಿಂತಿತು.

ಒಮ್ಮೆ ನೀವು ತಾಟಿನಲ್ಲಿ ಒಂದು ರೊಟ್ಟಿ ಬಿಟ್ಟಿದ್ದಿರಿ. "ಉಣ್ಣೋರಿಲ್ಲಂದ್ರ ನಾ ಯಾರಿಗ್ ಬಡೀಲಿ ಈ ರೊಟ್ಟಿ?" ಎಂದು ಕೂಗಾಡಿದ್ದೆ. ಅಂದಿನಿಂದ ನಿಮ್ಮ ತಾಟು ದಿನಾ ಖಾಲಿಯಾಗಿ ಬರುತ್ತಿತ್ತು. ಔರಾದಿನಿಂದ ಬಂದ ನಿಮ್ಮ ಮಗಳು "ಅವ್ವ ಭಾಳ ಸೊರಗ್ಯಾಳ" ಅಂದಾಗಲೂ ನಾನು ಆ ಖಾಲಿ ತಾಟನ್ನೇ ತೋರಿಸಿದೆ.

ಕೊನೆಗೆ ಬೀದರಿನ ದವಾಖಾನೆಯಲ್ಲಿ ಡಾಕ್ಟರು ನಿಮ್ಮ ಕೈ ಹಿಡಿದು ನೋಡಿ, "ಇವ್ರು ಊಟ ಬಿಟ್ಟು ಎಷ್ಟ್ ದಿನ ಆಯ್ತು?" ಎಂದರು. ನಾನು ಸಿಡುಕಿದೆ: "ಎರಡೂ ಹೊತ್ತು ಉಣ್ತಾರ್ರಿ. ತಾಟು ನಾನೇ ತೊಳೀತೇನಿ."

ನೀವು ಕಣ್ಣು ತೆರೆದು ನನ್ನನ್ನು ನೋಡಿದಿರಿ. ಆಮೇಲೆ ಅವರಿಗೆ ಹೇಳಿದಿರಿ: "ಹೌದ್ರಿ ಸಾಹೇಬ್ರ. ನಮ್ಮ ಸೊಸಿ ಹೊಟ್ಟಿತುಂಬಾ ಹಾಕ್ತಾಳ್ರಿ."

ಸುಜಾತಾ