ಗೆರೆ ಉಳಿಯದ ಕಲ್ಲು

ಯಜಮಾನರ ಪಾದಕ್ಕೆ ನಂಜಿಯ ಶರಣು.

ಬೆಂಗಳೂರಿನ ರೈಲು ಇಳಿದು ಬಂದ ಆ ಸಂಜೆ ಹತ್ತಿಯಲ್ಲಿ ಸುತ್ತಿದ್ದ ತಿಳಿ ಬಿಲ್ಲೆಯೊಂದನ್ನು ತೋರಿಸಿದಿರಿ, ನೆನಪಿದೆಯೇ? "ಮುಟ್ಬೇಡ ಕಣೇ, ಇದು ಕಲ್ಲಿನ ಬೀಜ" ಎಂದಿರಿ. "ಹಂಗಾದ್ರೆ ನಮ್ಮ ಹೊಲದ ಬೆಣಚುಕಲ್ಲು ಯಾವಾಗ ಮೊಳೀತವೆ?" ಎಂದೆ. "ನೀನು ಬಾಯಿ ಮುಚ್ಚಿದಾಗ" ಎಂದು ನಕ್ಕಿರಿ.

ಊಟಕ್ಕೆ ಕೂತು ನೀವೇ ಬಿಡಿಸಿ ಹೇಳಿದ್ದಿರಿ. ಯುದ್ಧದ ವೈರ್‌ಲೆಸ್‌ಗೆ ಬೇಕಾದ ಶುದ್ಧ ಬೆಣಚುಕಲ್ಲು ಹಡಗಿನಲ್ಲಿ ಬರುವುದು ಕಷ್ಟವಾಗಿದೆ, ಅದಕ್ಕೇ ಪ್ರಯೋಗಶಾಲೆಯಲ್ಲಿ ದಪ್ಪ ಉಕ್ಕಿನ ಪಾತ್ರೆಯೊಳಗೆ, ಕಾದ ಸೋಡಾ ನೀರಿನಲ್ಲಿ ಬೀಜ ತೂಗುಹಾಕಿ ಅದರ ಸುತ್ತ ಹೊಸ ಕಲ್ಲು ಬೆಳೆಸಲು ನೋಡುತ್ತಿದ್ದಾರೆ ಎಂದು. ಬೀಜವನ್ನು ಕೊಯ್ದು ಸಾಣೆ ಹಿಡಿಯುವುದು ನಿಮ್ಮ ಕೆಲಸ. ಬೀಜದಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬೆಳೆಯುವ ಕಲ್ಲಿಗೆ ಅದೇ ಬಿರುಕು ಹತ್ತುತ್ತದೆ. ಮೈಮೇಲೆ ಜಿಡ್ಡು ಉಳಿದರೆ ಹೊಸದು ಹಳೆಯದಕ್ಕೆ ಕೂಡದೆ ನಡುವೆ ಬಿಳಿ ಗೆರೆ ನಿಲ್ಲುತ್ತದೆ. "ಗೆರೆ ನಿಂತ್ರೆ ನನ್ನ ಕೆಲ್ಸ ಕೆಟ್ಟಂಗೆ" ಎಂದಿದ್ದಿರಿ.

ಕೊನೆಯ ಸಾಣೆ ಮನೆಯಲ್ಲೇ ಮುಗಿಸಿ ಮಲಗಿದವರು ಜ್ವರದಿಂದ ಏಳಲೇ ಇಲ್ಲ. ಆ ಬಿಲ್ಲೆಯನ್ನು ದೇವರ ಗೂಡಿನಲ್ಲಿಟ್ಟೆ. ದಿನವೂ ತುಪ್ಪದ ದೀಪ, ಗಂಧ, ವಿಭೂತಿ. ನಿಮ್ಮ ಬೆರಳು ಕಡೆಯದಾಗಿ ಸವರಿದ್ದು ಅದನ್ನೇ ಅಲ್ಲವೇ? ಮುಟ್ಟದೆ ಹೇಗಿರಲಿ...

ಪ್ರಯೋಗಶಾಲೆಯಲ್ಲಿ ನಿಮ್ಮ ಜೊತೆ ಒಲೆ ಕಾಯುತ್ತಿದ್ದ ಮುನಿಯಪ್ಪ ಬಾಗಿಲಿಗೆ ಬಂದ. "ಅತ್ತಿಗೆ, ಬೇರೆ ಬೀಜವೆಲ್ಲ ಬಿರುಕು ಬಿಟ್ಟವೆ. ಅಣ್ಣನ ಕೈಯದು ಇದೊಂದೇ ಉಳಿದಿರೋದು. ಇದೂ ಕೆಟ್ರೆ ಕೆಲ್ಸಾನೇ ನಿಲ್ಲಿಸ್ತಾರೆ." ಗೂಡಿನೊಳಗೆ ಇಣುಕಿ ತಲೆ ಚಚ್ಚಿಕೊಂಡ. "ಅಯ್ಯೋ, ಬೀಜಕ್ಕೇ ಪೂಜೆ ಮಾಡ್ಬಿಟ್ಟಿದ್ದೀರಲ್ಲ!"

"ಕೊಡಾಕಿಲ್ಲ ಕಣಪ್ಪ" ಎಂದೆ. "ಇದೂ ಹೋದ್ರೆ ನಂಗೆ ಅವರದ್ದು ಅಂತ ಏನೈತೆ?"

ಅವನು ಬಿಲ್ಲೆಯನ್ನು ಬಿಸಿಲಿಗೆ ಹಿಡಿದು ನೋಡಿ, "ಜಿಡ್ಡು ಆಸಿಡ್‌ನಲ್ಲಿ ಹೋಯ್ತದೆ. ಒಳಗೆ ಒಂದು ಬಿರುಕಿಲ್ಲ ನೋಡಿ, ಅಣ್ಣನ ಸಾಣೆ" ಎಂದ. ಆ ಮಾತಿಗೆ ಸೋತು ಕೊಟ್ಟೆ. ನಿಮ್ಮ ಕೆಲಸ ನನ್ನ ಹಟದಿಂದ ನಿಲ್ಲಬಹುದೇ?

ನಿನ್ನೆ ಮುನಿಯಪ್ಪ ಓಡಿ ಬಂದ. ಬೆಳೆದ ಕಲ್ಲನ್ನು ನನಗೆ ತೋರಿಸಲೆಂದೇ ಕೇಳಿ ತಂದಿದ್ದ. "ಗೆದ್ಬಿಟ್ವಿ ಅತ್ತಿಗೆ! ಗೆರೇನೇ ಇಲ್ಲ!" ನೀವು ಕೇಳದೆ ಹೋದ ಸುದ್ದಿ ಇದೇ. ಗೆದ್ದಿರಿ.

ಬಿಸಿಲಿಗೆ ಹಿಡಿದೆ, ದೀಪಕ್ಕೆ ಹಿಡಿದೆ. ನೀವು ಉಜ್ಜಿದ್ದು ಯಾವುದು, ಆಮೇಲೆ ಬೆಳೆದದ್ದು ಯಾವುದು? ಈಶ್ವರನಾಣೆ, ತಿಳಿಯಲಿಲ್ಲ. ಅವನು ಕಲ್ಲನ್ನು ವಾಪಸು ತೆಗೆದುಕೊಂಡು ಹೋದ. ವೈರ್‌ಲೆಸ್‌ಗೆಂದು ಅದನ್ನು ಕೊಯ್ದು ಹೋಳು ಮಾಡುತ್ತಾರಂತೆ.

ಅಷ್ಟು ಚೆನ್ನಾಗಿ ಯಾಕೆ ಉಜ್ಜಿದಿರಿ? ನನ್ನ ಕಣ್ಣಿಗೆ ಸಿಗುವಂತೆ ಒಂದೇ ಒಂದು ಗೆರೆ ಬಿಡಬಾರದಿತ್ತೇ...